ಬೆಳಕಿನಿಂದ ನೀರು ತೊಳೆಯುವ ಆಕ್ಸೈಡ್ ಪುಡಿ: ಕೊಡಗಿನ ಲ್ಯಾಬ್‌ಗೂ ತೋಟಕ್ಕೂ ಒಂದು ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಕೆಲಸ) ಜೋರಾಗುವುದು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ. ತೋಡುಗಳಲ್ಲಿ ನೀರು ಇಳಿಯುವುದೂ ಅದೇ ತಿಂಗಳುಗಳಲ್ಲಿ. ಜುಲೈನಲ್ಲಿ ಸೇತುವೆ ಮುಟ್ಟುವ ತೊರೆ ಜನವರಿಯಲ್ಲಿ ಪಾದ ಮುಳುಗುವಷ್ಟೇ ಉಳಿದಿರುತ್ತದೆ. ಆಗ ಒಂದೇ ಒಂದು ಪಲ್ಪರ್‌ನ ನೀರು ಸೇರಿದರೂ ಕೆಳಗಿನ ಊರಿಗೆ ಗೊತ್ತಾಗುತ್ತದೆ. "ಬಿಸಿಲಲ್ಲೇ ನೀರು ಶುದ್ಧ ಮಾಡುವ ನ್ಯಾನೊ ಪುಡಿ ಇದೆಯಂತೆ, ನಮ್ಮ ತೋಟಕ್ಕೆ ಆಗುತ್ತಾ?" ಎಂಬ ಪ್ರಶ್ನೆ ಬರುವುದು ಹೀಗೆ. ಅದೇ ಪುಡಿಯನ್ನು ಪ್ರಾಜೆಕ್ಟಿಗೆ ತೆಗೆದುಕೊಳ್ಳುವ ವಿಜ್ಞಾನದ ಮಕ್ಕಳೂ ಈಗ ಬಹಳ ಇದ್ದಾರೆ.

ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಪುಡಿ ಮಾಡುವುದು ಅಂಥ ಕಷ್ಟವಲ್ಲ, ಒಂದು ಸಾಧಾರಣ ಕಾಲೇಜು ಲ್ಯಾಬ್ ಸಾಕು. ಅದು ನಿಜವಾಗಿ ನೀರನ್ನು ಶುದ್ಧ ಮಾಡಿತಾ, ಸುಮ್ನೆ ಬಣ್ಣ ತೆಗೆಯಿತಾ ಎಂದು ತಿಳಿಯುವುದು ಕಷ್ಟ. ಆದ್ದರಿಂದ ಪರೀಕ್ಷೆಯ ಭಾಗಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ. ದಯವಿಟ್ಟು ಅದನ್ನು ಹಾರಿಸಬೇಡಿ.

ಪುಡಿಯೊಳಗೆ ಏನು ನಡೆಯುತ್ತದೆ

1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ ಒಂದು ಪ್ರಯೋಗ ಪ್ರಕಟಿಸಿದರು. ಈ ಪುಡಿಗಳಲ್ಲಿ ಮುಖ್ಯವಾದ ಟೈಟಾನಿಯಂ ಡೈಆಕ್ಸೈಡಿನ ಮೇಲೆ ನೇರಳಾತೀತ ಬೆಳಕು ಬಿದ್ದಾಗ ನೀರು ಒಡೆದು ಆಮ್ಲಜನಕ, ಹೈಡ್ರೋಜನ್ ಬರುತ್ತದೆ ಎಂದು ಅದು ತೋರಿಸಿತು. ಈ ಇಡೀ ಕ್ಷೇತ್ರ ಬೆಳೆದದ್ದು ಅಲ್ಲಿಂದ. 1977ರ ಹೊತ್ತಿಗೆ ಇದೇ ಪುಡಿ ನೀರಿನಲ್ಲಿರುವ ಸೈನೈಡನ್ನು ಒಡೆಯುತ್ತದೆ ಎಂದು ಗೊತ್ತಾಯಿತು. 1985ರಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂದೂ ಗೊತ್ತಾಯಿತು.

ಕೆಲಸ ಹೀಗೆ ಆಗುತ್ತದೆ. ಬೆಳಕಿನ ಕಣ ಪುಡಿಗೆ ಬಡಿದಾಗ ಒಂದು ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಮೇಲಕ್ಕೆ ಹಾರುತ್ತದೆ. ಹಾರಿದ ಜಾಗದಲ್ಲಿ ಒಂದು ಖಾಲಿ ಉಳಿಯುತ್ತದೆ, ಅದನ್ನು ಹೋಲ್ ಎನ್ನುತ್ತಾರೆ. ಎಲೆಕ್ಟ್ರಾನ್ ನೀರಿನಲ್ಲಿ ಕರಗಿದ ಆಮ್ಲಜನಕಕ್ಕೆ ಸೇರಿ ಸೂಪರ್‌ಆಕ್ಸೈಡ್ ಆಗುತ್ತದೆ. ಹೋಲ್ ನೀರಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮಾಡುತ್ತದೆ. ಈ ಎರಡೂ ಸಿಕ್ಕಿದ ಸಾವಯವ ವಸ್ತುವನ್ನು ಕಡಿಯುತ್ತಾ ಹೋಗುತ್ತವೆ. ಕೊನೆವರೆಗೂ ಹೋದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಉಳಿಯುತ್ತದೆ. ಕೊನೆವರೆಗೂ ಹೋದರೆ ಮಾತ್ರ.

ಎರಡು ತೊಡಕುಗಳಿವೆ. ಎಲೆಕ್ಟ್ರಾನನ್ನು ಹಾರಿಸಲು ಬೇಕಾದ ಶಕ್ತಿಗೆ ಬ್ಯಾಂಡ್ ಗ್ಯಾಪ್ ಎಂದು ಹೆಸರು. ಟೈಟಾನಿಯಂ ಡೈಆಕ್ಸೈಡಿನ ಅನಟೇಸ್ ಎಂಬ ಹರಳಿನ ರೂಪಕ್ಕೆ ಅದು 3.2 ಎಲೆಕ್ಟ್ರಾನ್ ವೋಲ್ಟ್. ಅಂದರೆ 388 ನ್ಯಾನೋಮೀಟರ್‌ಗಿಂತ ಚಿಕ್ಕ ಅಲೆಯ ಬೆಳಕೇ ಬೇಕು. ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಅಂಥ ನೇರಳಾತೀತ ಭಾಗ ಶೇ 4–5 ಮಾತ್ರ. ಎರಡನೆಯ ತೊಡಕು, ಹಾರಿದ ಎಲೆಕ್ಟ್ರಾನ್ ಯಾವ ಕೆಲಸವನ್ನೂ ಮಾಡದೆ ಮತ್ತೆ ಹೋಲ್‌ಗೆ ಬಿದ್ದುಬಿಡುತ್ತದೆ. ಹಾಗೆ ವ್ಯರ್ಥವಾಗುವುದೇ ಹೆಚ್ಚು.

ಪುಡಿಯನ್ನು ಮಾರ್ಪಾಡು ಮಾಡುವುದು ಈ ಎರಡು ತೊಡಕುಗಳಿಗಾಗಿ. ಸಾರಜನಕದಂಥ ಅನ್ಯ ಪರಮಾಣುವನ್ನು ಹರಳಿನೊಳಗೆ ಸೇರಿಸಿದರೆ ಪುಡಿ ಕಣ್ಣಿಗೆ ಕಾಣುವ ಬೆಳಕನ್ನೂ ಸ್ವಲ್ಪ ಹೀರುತ್ತದೆ. 2001ರಲ್ಲಿ ಜಪಾನಿನ ಒಂದು ತಂಡ ಇದನ್ನು ತೋರಿಸಿದ ಮೇಲೆ ಲೋಕದ ತುಂಬ ಲ್ಯಾಬ್‌ಗಳು ಇದರ ಹಿಂದೆ ಬಿದ್ದವು. ಬೆಳ್ಳಿಯಂಥ ಲೋಹದ ಚುಕ್ಕಿಗಳನ್ನು ಮೇಲೆ ಕೂರಿಸಿದರೆ ಅವು ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಂಡು ವಾಪಸು ಬೀಳದಂತೆ ತಡೆಯುತ್ತವೆ. ಎರಡು ಬೇರೆ ಆಕ್ಸೈಡ್‌ಗಳನ್ನು ಅಂಟಿಸಿ, ಎಲೆಕ್ಟ್ರಾನ್ ಒಂದು ಕಡೆಗೂ ಹೋಲ್ ಇನ್ನೊಂದು ಕಡೆಗೂ ಹೋಗುವ ಹಾಗೆ ಮಾಡುವುದು ಮೂರನೆಯ ದಾರಿ.

ಹೆಜ್ಜೆ 1: ಮೊದಲು ನೀರನ್ನು ಅಳೆಯಿರಿ, ಆಮೇಲೆ ಲೆಕ್ಕ ಹಾಕಿ

ಪಿಹೆಚ್, ಸಿಒಡಿ (ನೀರಿನ ಕೊಳೆಯನ್ನು ಒಡೆಯಲು ಬೇಕಾದ ಆಮ್ಲಜನಕದ ಅಳತೆ), ಕೆಸರು, ಬಣ್ಣ. ಪುಡಿಯ ಬಗ್ಗೆ ಯೋಚಿಸುವ ಮುಂಚೆ ಈ ನಾಲ್ಕು ಅಂಕಿ ಕೈಯಲ್ಲಿರಲಿ.

ಹಸಿ ಪಲ್ಪಿಂಗ್ ನೀರಿನ ಸಿಒಡಿ ಲೀಟರ್‌ಗೆ ಸಾವಿರಾರು ಮಿಲಿಗ್ರಾಂ ಇರುತ್ತದೆ, 10,000 ದಾಟುವುದೂ ಉಂಟು. ಅಂದರೆ ಒಂದು ಲೀಟರಿನ ಕೊಳೆ ತೆಗೆಯಲು 10 ಗ್ರಾಂ ಆಮ್ಲಜನಕ ಬೇಕು. ಈಗ ಬಿಸಿಲಿನ ಕಡೆಯಿಂದ ನೋಡಿ. ಒಳ್ಳೆಯ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 40 ವಾಟ್ ನೇರಳಾತೀತ ಬೆಳಕು ಸಿಗುತ್ತದೆ. ಐದು ಗಂಟೆಗೆ ಅದು ಸುಮಾರು 2.2 ಮೋಲ್ (ಕಣಗಳನ್ನು ಎಣಿಸುವ ಒಂದು ದೊಡ್ಡ ಅಳತೆ) ಬೆಳಕಿನ ಕಣ. ಒಂದು ಆಮ್ಲಜನಕ ಅಣುವಿನ ಕೆಲಸಕ್ಕೆ ನಾಲ್ಕು ಎಲೆಕ್ಟ್ರಾನ್ ಬೇಕು. ಒಂದು ಕಣವೂ ವ್ಯರ್ಥವಾಗಲಿಲ್ಲ ಎಂದು ಇಟ್ಟುಕೊಂಡರೂ ದಿನಕ್ಕೆ ತೆಗೆಯಬಹುದಾದ ಸಿಒಡಿ ಸುಮಾರು 17 ಗ್ರಾಂ. ನಿಜದಲ್ಲಿ ನೂರಕ್ಕೆ ಒಂದರಿಂದ ಐದು ಕಣ ಕೆಲಸಕ್ಕೆ ಬಂದರೆ ಅದೇ ಚೆನ್ನಾಗಿತ್ತು ಎನ್ನಬೇಕು. ಆಗ ಉಳಿಯುವುದು 0.2ರಿಂದ 0.9 ಗ್ರಾಂ. ಒಂದು ಚದರ ಮೀಟರ್ ತಟ್ಟೆಯಲ್ಲಿ ಒಂದೇ ಲೀಟರ್ ಹಸಿ ಪಲ್ಪಿಂಗ್ ನೀರನ್ನು ಮುಗಿಸಲು ಹತ್ತಾರು ದಿನ ಹಿಡಿಯುತ್ತದೆ.

ಯಾರಾದರೂ ತೋಟಕ್ಕೆ ಬಂದು "ಈ ಪುಡಿ ಹಾಕಿ, ಪಲ್ಪಿಂಗ್ ನೀರು ತಿಳಿಯಾಗುತ್ತದೆ" ಎಂದರೆ ಈ ಲೆಕ್ಕ ಅವರ ಮುಂದಿಡಿ. ಪುಡಿ ಎಷ್ಟೇ ಚೆನ್ನಾಗಿರಲಿ, ಬಿಸಿಲು ಅಷ್ಟೇ ಇರುವುದು, ಅಲ್ವಾ? ಜೊತೆಗೆ ಆ ನೀರಿನ ಕಂದು ಬಣ್ಣವೇ ಬೆಳಕನ್ನು ಮೇಲ್ಪದರದಲ್ಲಿ ತಡೆದುಬಿಡುತ್ತದೆ.

ಆ ನೀರಿಗೆ ಬೇಕಾದದ್ದು ಹಳೆಯ ದಾರಿಯೇ. ಸಿಪ್ಪೆ, ಲೋಳೆ ಸೋಸಿ ತೆಗೆಯುವುದು, ಸುಣ್ಣ ಹಾಕಿ ಹುಳಿ ಇಳಿಸುವುದು, ಗಾಳಿಯಾಡದ ಕೊಳದಲ್ಲಿ ನಿಲ್ಲಿಸುವುದು, ನಂತರ ಗಾಳಿಯಾಡುವ ಕೊಳ. ಪಲ್ಪಿಂಗಿಗೆ ಬಳಸುವ ನೀರನ್ನೇ ಕಡಿಮೆ ಮಾಡುವುದು ಇದೆಲ್ಲಕ್ಕಿಂತ ಮುಂಚಿನ ಕೆಲಸ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆ, ಕೊಳಗಳ ಅಳತೆ ಬಗ್ಗೆ ಅಲ್ಲಿ ಕೇಳಿ. ಬೆಳಕಿನ ಪುಡಿಗೆ ಜಾಗ ಇರುವುದು ಎಲ್ಲ ಮುಗಿದ ಮೇಲೆ. ಸಿಒಡಿ ಕೆಲವು ನೂರಕ್ಕೆ ಇಳಿದು, ನೀರು ಬೆಳಕು ದಾಟುವಷ್ಟು ತಿಳಿಯಾದಾಗ, ಉಳಿದ ಬಣ್ಣ, ಕೆಫೀನ್, ಔಷಧಿಯ ಅಂಶ, ರೋಗಾಣು ತೆಗೆಯಲು. ಲೀಟರ್‌ಗೆ ಕೆಲವು ಮೈಕ್ರೋಗ್ರಾಂ ಕೀಟನಾಶಕ ಇರುವ ಕೆರೆ ನೀರಿಗೆ ಮೇಲಿನದೇ ಲೆಕ್ಕ ಹಾಕಿ ನೋಡಿ. ಅಲ್ಲಿ ಬಿಸಿಲು ಧಾರಾಳ ಸಾಕು. ಇದರ ಬಲ ಇರುವುದು ಅಲ್ಲೇ.

ಹೆಜ್ಜೆ 2: ಯಾವ ಆಕ್ಸೈಡ್?

ನನ್ನ ಉತ್ತರ ಟೈಟಾನಿಯಂ ಡೈಆಕ್ಸೈಡ್. ಹುಳಿಯಲ್ಲೂ ಕ್ಷಾರದಲ್ಲೂ ಕರಗುವುದಿಲ್ಲ, ಬೆಳಕಿನಲ್ಲಿ ಸವೆಯುವುದಿಲ್ಲ, ಬೆಲೆಯೂ ಕೈಗೆಟಕುತ್ತದೆ. ಹೋಲಿಕೆಗೆ ಲೋಕದ ಎಲ್ಲ ಲ್ಯಾಬ್‌ಗಳು ಬಳಸುವ ಪಿ25 ಎಂಬ ಪುಡಿ ಅಂಗಡಿಯಲ್ಲೇ ಸಿಗುತ್ತದೆ. ಅದರಲ್ಲಿ ಸುಮಾರು ಶೇ 80 ಅನಟೇಸ್, ಉಳಿದದ್ದು ರೂಟೈಲ್ ಎಂಬ ಇನ್ನೊಂದು ಹರಳಿನ ರೂಪ. ಕಣದ ಗಾತ್ರ ಸುಮಾರು 21 ನ್ಯಾನೋಮೀಟರ್, ಒಂದು ಗ್ರಾಂಗೆ ಸುಮಾರು 50 ಚದರ ಮೀಟರ್ ಮೇಲ್ಮೈ.

ಜಿಂಕ್ ಆಕ್ಸೈಡ್ ಮಾಡುವುದು ಇನ್ನೂ ಸುಲಭ. 21.95 ಗ್ರಾಂ ಜಿಂಕ್ ಅಸಿಟೇಟ್ ಡೈಹೈಡ್ರೇಟ್ ಮತ್ತು 8 ಗ್ರಾಂ ಕಾಸ್ಟಿಕ್ ಸೋಡಾ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಸೇರಿಸಿ, ಬಿಳಿ ಗಷ್ಟನ್ನು ತೊಳೆದು 400 ಡಿಗ್ರಿಯಲ್ಲಿ ಕಾಯಿಸಿದರೆ ಲೆಕ್ಕದ ಪ್ರಕಾರ 8.1 ಗ್ರಾಂ ಸಿಗಬೇಕು. ವಿದ್ಯಾರ್ಥಿಗಳಿಗೆ ಇದು ಇಷ್ಟ. ಆದರೆ ಕಾಫಿ ನೀರಿಗೆ ಇದು ಬೇಡ. ಪಲ್ಪಿಂಗ್ ನೀರು ಹುಳಿತಾಗ ಪಿಹೆಚ್ 4ರ ಸುತ್ತ ಬರುತ್ತದೆ, ಜಿಂಕ್ ಆಕ್ಸೈಡ್ ಅದರಲ್ಲಿ ಕರಗಿ ಹೋಗುತ್ತದೆ. ಕರಗಿದ ಸತು ಮೀನಿಗೆ ವಿಷ. ನಮ್ಮ ಹೆಚ್ಚಿನ ತೋಡುಗಳು ಕೊನೆಗೆ ಸೇರುವುದು ಕಾವೇರಿಗೋ ಲಕ್ಷ್ಮಣತೀರ್ಥಕ್ಕೋ ಬಾರಪೊಳೆಗೋ. ಕಾವೇರಿಯ ಮಹಶೀರ್ ಮೀನು ಈಗಾಗಲೇ ಅಳಿವಿನ ಅಂಚಿನಲ್ಲಿದೆ.

ಟಂಗ್‌ಸ್ಟನ್ ಆಕ್ಸೈಡ್ (2.6ರಿಂದ 2.8 ಎಲೆಕ್ಟ್ರಾನ್ ವೋಲ್ಟ್) ಮತ್ತು ಕಬ್ಬಿಣದ ಆಕ್ಸೈಡ್ (ಸುಮಾರು 2.2) ಕಾಣುವ ಬೆಳಕನ್ನು ಚೆನ್ನಾಗಿ ಹೀರುತ್ತವೆ. ಆದರೆ ಅವುಗಳ ಎಲೆಕ್ಟ್ರಾನ್‌ಗೆ ಆಮ್ಲಜನಕವನ್ನು ಸುಲಭವಾಗಿ ಸೇರುವಷ್ಟು ಶಕ್ತಿ ಇರುವುದಿಲ್ಲ. ಒಂಟಿಯಾಗಿ ದುರ್ಬಲ, ಟೈಟಾನಿಯಂ ಜೊತೆ ಅಂಟಿಸಿದಾಗ ಉಪಯೋಗ.

ಹೆಜ್ಜೆ 3: ಕೈಹಾಕುವ ಮುಂಚೆ

ಒಣ ನ್ಯಾನೊ ಪುಡಿ ಉಸಿರಿನೊಳಗೆ ಹೋಗಬಾರದು. ಉಸಿರಿನಲ್ಲಿ ಸೇರುವ ಟೈಟಾನಿಯಂ ಡೈಆಕ್ಸೈಡ್ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ "ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ" ಗುಂಪಿಗೆ ಸೇರಿಸಿದೆ. ಫ್ಯಾನ್ ಆರಿಸಿ ತೂಕ ಮಾಡಿ. ಎನ್95 ಮಾಸ್ಕ್, ನೈಟ್ರೈಲ್ ಗ್ಲೌಸ್ ಹಾಕಿ. ಚೆಲ್ಲಿದರೆ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ನೇರಳಾತೀತ ದೀಪವನ್ನು ಬರಿಗಣ್ಣಿನಲ್ಲಿ ನೋಡಬೇಡಿ. ಮನೆಯಲ್ಲೋ ಲ್ಯಾಬಲ್ಲೋ ಮಾಡಿದ ಪುಡಿಯನ್ನು ಕುಡಿಯುವ ನೀರಿಗೆ, ಬಾವಿಗೆ ಹಾಕುವ ಮಾತೇ ಬೇಡ.

ಹೆಜ್ಜೆ 4: ಸಾರಜನಕ ಸೇರಿದ ಟೈಟಾನಿಯಂ ಪುಡಿ

ಬೇಕಾದ್ದು ಟೈಟಾನಿಯಂ ಐಸೊಪ್ರೊಪಾಕ್ಸೈಡ್, ಐಸೊಪ್ರೊಪೈಲ್ ಆಲ್ಕೋಹಾಲ್, ಯೂರಿಯಾ, ಡಿಸ್ಟಿಲ್ಡ್ ವಾಟರ್, ಮುಚ್ಚಳ ಇರುವ ಪಿಂಗಾಣಿ ಮೂಸೆ, ಮಫಲ್ ಫರ್ನೇಸ್ (ಲ್ಯಾಬಿನ ವಿದ್ಯುತ್ ಕುಲುಮೆ). ಯೂರಿಯಾ ಲ್ಯಾಬ್ ದರ್ಜೆಯದೇ ಇರಲಿ. ತೋಟಕ್ಕೆ ತಂದ ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪ ಇರುತ್ತದೆ, ಅದು ಇಂಗಾಲವಾಗಿ ಪುಡಿಯಲ್ಲಿ ಉಳಿಯುತ್ತದೆ.

10 ಮಿ.ಲೀ. ಐಸೊಪ್ರೊಪಾಕ್ಸೈಡನ್ನು 40 ಮಿ.ಲೀ. ಆಲ್ಕೋಹಾಲ್‌ಗೆ ಬೆರೆಸಿ. ಪಾತ್ರೆ ಪೂರ್ತಿ ಒಣಗಿರಬೇಕು. ಇದು ಗಾಳಿಯ ತೇವಕ್ಕೇ ಬಿಳಿಯಾಗಿ ಗಟ್ಟಿಯಾಗುವ ದ್ರವ, ಮಡಿಕೇರಿಯ ಜುಲೈ ತಿಂಗಳಲ್ಲಿ ಬಾಟಲಿ ತೆರೆದಿಟ್ಟರೆ ಬೇಗ ಕೆಡುತ್ತದೆ. ಆಗುವುದಾದರೆ ಈ ಕೆಲಸವನ್ನು ಬೇಸಗೆಗೆ ಇಟ್ಟುಕೊಳ್ಳಿ.

ಈ ಮಿಶ್ರಣವನ್ನು 100 ಮಿ.ಲೀ. ನೀರಿಗೆ ತೊಟ್ಟು ತೊಟ್ಟಾಗಿ ಬಿಡಿ, ಜೋರಾಗಿ ಕಲಕುತ್ತಿರಿ. ಬಿಳಿ ಗಷ್ಟು ಬರುತ್ತದೆ. ಒಂದು ಗಂಟೆ ಕಲಕಿ, ಸೋಸಿ, ಮೂರು ಸಲ ತೊಳೆದು, 80 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ಪೂರ್ತಿ ಕಾಯಿಸಿದ ಮೇಲೆ ಇದರಿಂದ ಸುಮಾರು 2.7 ಗ್ರಾಂ ಆಕ್ಸೈಡ್ ಸಿಗಬೇಕು. ಬಹಳ ಕಡಿಮೆ ಬಂದರೆ ತೊಳೆಯುವಾಗ ಹೋಗಿದೆ ಎಂದರ್ಥ.

ಒಣಗಿದ ಪುಡಿಯನ್ನು ಎರಡು ಪಾಲು ಮಾಡಿ. ಒಂದು ಪಾಲಿಗೆ ಅಷ್ಟೇ ತೂಕದ ಯೂರಿಯಾ ಹಾಕಿ ಖಲ್ಬತ್ತಿನಲ್ಲಿ ಅರೆಯಿರಿ. ಇನ್ನೊಂದನ್ನು ಹಾಗೇ ಬಿಡಿ. ಎರಡನ್ನೂ ಬೇರೆ ಬೇರೆ ಮೂಸೆಯಲ್ಲಿ ಮುಚ್ಚಿ, ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ, 400 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ಅಮೋನಿಯಾ ಹೊರಬರುತ್ತದೆ, ಹೊಗೆ ಹೊರಹೋಗುವ ವ್ಯವಸ್ಥೆ ಇರಲೇಬೇಕು. ತಣ್ಣಗಾದ ಮೇಲೆ ಬಿಸಿ ನೀರಿನಲ್ಲಿ ತೊಳೆದು ಒಣಗಿಸಿ.

ಯೂರಿಯಾ ಹಾಕದ ಆ ಎರಡನೇ ಪಾಲು ಬಹಳ ಮುಖ್ಯ. ಹೆಚ್ಚಿನವರು ತಮ್ಮ ಮಾರ್ಪಾಡಾದ ಪುಡಿಯನ್ನು ಬರೀ ಪಿ25 ಜೊತೆ ಹೋಲಿಸುತ್ತಾರೆ. ಕಣದ ಗಾತ್ರ, ಹರಳಿನ ರೂಪ ಎಲ್ಲವೂ ಬೇರೆ ಇರುವಾಗ ಗೆದ್ದದ್ದು ಸಾರಜನಕದಿಂದಲೋ ಬೇರೆ ಕಾರಣದಿಂದಲೋ ಹೇಗೆ ಹೇಳುವುದು? ಅದೇ ಒಲೆಯಲ್ಲಿ ಅದೇ ದಿನ ಬೆಂದ ಜೊತೆಗಾರ ಬೇಕು.

ಯೂರಿಯಾ ಪಾಲು ತಿಳಿ ಹಳದಿ ಬಣ್ಣಕ್ಕೆ ತಿರುಗಿದ್ದರೆ ಒಳ್ಳೆಯ ಲಕ್ಷಣ. ಬೂದು ಅಥವಾ ಕಂದಾದರೆ ಇಂಗಾಲ ಉಳಿದಿದೆ. ಹಳದಿ ಬಂದಿತು ಎಂದ ಮಾತ್ರಕ್ಕೆ ಸಾರಜನಕ ಹರಳಿನೊಳಗೆ ಕೂತಿದೆ ಎನ್ನಲೂ ಆಗದು. ಯೂರಿಯಾ ಬೆಂದು ತಾನೇ ಹಳದಿ ಕಾರ್ಬನ್ ನೈಟ್ರೈಡ್ ಜಾತಿಯ ವಸ್ತುಗಳಾಗುತ್ತದೆ, ಅವು ಪುಡಿಯ ಮೇಲೆ ಅಂಟಿ ಅದೇ ಬಣ್ಣ ಕೊಡುತ್ತವೆ. ಯೂರಿಯಾ ಹೆಚ್ಚು ಹಾಕಿದಷ್ಟೂ, ಶಾಖ 500 ದಾಟಿದಷ್ಟೂ ಈ ಅನುಮಾನ ಜಾಸ್ತಿ.

ಬೆಳ್ಳಿ ಕೂರಿಸಬೇಕಾದರೆ: 1 ಗ್ರಾಂ ಪುಡಿಯನ್ನು 90 ಮಿ.ಲೀ. ನೀರು, 10 ಮಿ.ಲೀ. ಎಥನಾಲ್‌ನಲ್ಲಿ ಕದಡಿ. 15.7 ಮಿ.ಗ್ರಾಂ ಸಿಲ್ವರ್ ನೈಟ್ರೇಟ್ ಹಾಕಿ. ಇದು ಶೇ 1ರಷ್ಟು ಬೆಳ್ಳಿಗೆ ಲೆಕ್ಕ. ಅರ್ಧ ಗಂಟೆ ಕತ್ತಲಲ್ಲಿ, ಒಂದು ಗಂಟೆ 365 ನ್ಯಾನೋಮೀಟರ್ ದೀಪದ ಕೆಳಗೆ ಕಲಕಿ. ಪುಡಿ ಬೂದು ನೇರಳೆಯಾಗುತ್ತದೆ. ತೊಳೆದು ಒಣಗಿಸಿ. ಬೆಳ್ಳಿ ರೋಗಾಣುಗಳ ಮೇಲೆ ಜೋರು. ಆದರೆ ನಿಧಾನವಾಗಿ ನೀರಿಗೆ ಬಿಡುತ್ತದೆ, ಆ ನೀರು ತೊರೆಗೆ ಹೋಗುವುದಾದರೆ ನಾನು ಬೆಳ್ಳಿ ಬಳಸುವುದಿಲ್ಲ.

ಹೆಜ್ಜೆ 5: ಏನು ಮಾಡಿದ್ದೀರಿ ಎಂದು ಗುರುತಿಸಿ

ಎಕ್ಸ್‌ರೇ ಡಿಫ್ರಾಕ್ಷನ್‌ನಲ್ಲಿ (ಹರಳಿನ ರೂಪ ತೋರಿಸುವ ಪರೀಕ್ಷೆ) ತಾಮ್ರದ ಕಿರಣಕ್ಕೆ ಅನಟೇಸ್‌ನ ಮುಖ್ಯ ಗೆರೆ 25.3 ಡಿಗ್ರಿಯಲ್ಲಿ, ರೂಟೈಲ್‌ನದು 27.4ರಲ್ಲಿ ಬರುತ್ತದೆ. ಕಾಣುವ ಬೆಳಕು ಎಷ್ಟು ಹೀರುತ್ತದೆ ಎಂದು ತಿಳಿಯಲು ಪ್ರತಿಫಲನದ ಸ್ಪೆಕ್ಟ್ರಂ ತೆಗೆಸಿ. ಈ ಯಂತ್ರಗಳಿಗೆ ಮೈಸೂರು, ಮಂಗಳೂರು ಕಡೆಯ ವಿಶ್ವವಿದ್ಯಾಲಯಗಳನ್ನು ಕೇಳಬೇಕಾಗುತ್ತದೆ.

ಹೆಜ್ಜೆ 6: ಪರೀಕ್ಷೆ

ಎಲ್ಲರೂ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದಿಂದ ಶುರು ಮಾಡುತ್ತಾರೆ. ನೀವೂ ಮಾಡಿ, ಆದರೆ ಅಲ್ಲಿಗೇ ನಿಲ್ಲಬೇಡಿ.

ಲೀಟರ್‌ಗೆ 5 ಮಿ.ಗ್ರಾಂ ದ್ರಾವಣ ಮಾಡಿ. ಬಣ್ಣ ಎಷ್ಟು ಬೆಳಕು ಹೀರುತ್ತದೆ ಎಂದು ಸ್ಪೆಕ್ಟ್ರೋಫೋಟೋಮೀಟರ್ ತೋರಿಸುತ್ತದೆ; 10 ಮಿ.ಗ್ರಾಂ ತೆಗೆದುಕೊಂಡರೆ ಅದರ ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ ಅಂಕಿ ತುಂಬ ಮೇಲೆ ಹೋಗಿ ನೇರ ಗೆರೆಯಿಂದ ತಪ್ಪುತ್ತದೆ. 100 ಮಿ.ಲೀ. ದ್ರಾವಣಕ್ಕೆ 50 ಮಿ.ಗ್ರಾಂ ಪುಡಿ. ಜಾಸ್ತಿ ಪುಡಿ ಹಾಕಿದರೆ ಜಾಸ್ತಿ ಕೆಲಸ ಎಂದುಕೊಳ್ಳಬೇಡಿ. ಲೀಟರ್‌ಗೆ ಒಂದು ಗ್ರಾಂ ದಾಟಿದ ಮೇಲೆ ನೀರೇ ಹಾಲಿನಂತಾಗಿ ಬೆಳಕು ಕೆಳಗೆ ಇಳಿಯುವುದಿಲ್ಲ.

ದೀಪ ಹಾಕುವ ಮುಂಚೆ ಕತ್ತಲಲ್ಲಿ ಕಲಕುತ್ತಾ 30ರಿಂದ 60 ನಿಮಿಷ ಬಿಡಿ. ಬಣ್ಣ ಪುಡಿಗೆ ಅಂಟಿಕೊಳ್ಳುವುದು ಇಲ್ಲಿ ಮುಗಿಯಬೇಕು. ಒಂದರ ಹಿಂದೆ ಒಂದು ತೆಗೆದ ಎರಡು ಮಾದರಿಯ ಅಂಕಿ ಒಂದೇ ಬಂದಾಗ ಅದನ್ನೇ ಆರಂಭದ ಅಂಕಿ ಎಂದು ಬರೆದುಕೊಳ್ಳಿ. ಈ ಹೆಜ್ಜೆ ಬಿಟ್ಟ ಪ್ರಯೋಗದಲ್ಲಿ ಪುಡಿಗೆ ಅಂಟಿದ ಬಣ್ಣವೂ "ಒಡೆದ" ಲೆಕ್ಕಕ್ಕೆ ಸೇರುತ್ತದೆ. ಆ ತಪ್ಪು ಅಂಕಿಯನ್ನು ನಂಬಿ ಮುಂದಿನವರು ತೋಟದ ತೊಟ್ಟಿ ಕಟ್ಟುತ್ತಾರೆ.

ದೀಪ ಹಾಕಿ, ಪ್ರತಿ 15 ನಿಮಿಷಕ್ಕೆ 3 ಮಿ.ಲೀ. ತೆಗೆಯಿರಿ. ಸಾಧಾರಣ ಫಿಲ್ಟರ್ ಪೇಪರ್ ಈ ಪುಡಿಯನ್ನು ತಡೆಯುವುದಿಲ್ಲ. ಸೆಂಟ್ರಿಫ್ಯೂಜ್ ಮಾಡಿ, ಇಲ್ಲವೇ 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್ ಬಳಸಿ. ಫಿಲ್ಟರ್ ತಾನೇ ಬಣ್ಣ ಹೀರುತ್ತದಾ ಎಂದು ಒಮ್ಮೆ ಪುಡಿ ಇಲ್ಲದ ದ್ರಾವಣದಲ್ಲಿ ನೋಡಿಕೊಳ್ಳಿ. 664 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ಆರಂಭದ ಅಂಕಿಯನ್ನು ಆ ಹೊತ್ತಿನ ಅಂಕಿಯಿಂದ ಭಾಗಿಸಿ, ಸ್ವಾಭಾವಿಕ ಲಾಗ್ ತೆಗೆದು, ನಿಮಿಷದ ಎದುರು ಗೆರೆ ಎಳೆದರೆ ಅದರ ಇಳಿಜಾರೇ ವೇಗ. 60 ನಿಮಿಷದಲ್ಲಿ ಬಣ್ಣ ಕಾಲು ಭಾಗಕ್ಕೆ ಇಳಿದಿದ್ದರೆ ವೇಗ ನಿಮಿಷಕ್ಕೆ 0.023, ಪ್ರತಿ 30 ನಿಮಿಷಕ್ಕೆ ಅರ್ಧ.

ಇದರ ಜೊತೆ ಹೀಗೆ ನಾಲ್ಕು ಬೀಕರ್ ನಡೆಯಲೇಬೇಕು:

- ಬೆಳಕು ಇದೆ, ಪುಡಿ ಇಲ್ಲ
- ಪುಡಿ ಇದೆ, ಬೆಳಕು ಇಲ್ಲ
- ಯೂರಿಯಾ ಸೇರದ ಪುಡಿ, ಬೆಳಕು
- ಮಾರ್ಪಾಡಾದ ಪುಡಿ, ಬೆಳಕು

ಮೊದಲ ಬೀಕರ್‌ನಲ್ಲೂ ಬಣ್ಣ ಇಳಿಯುವುದನ್ನು ನೋಡುತ್ತೀರಿ. ಮೆಥಿಲೀನ್ ಬ್ಲೂ ಬೆಳಕಿಗೆ ತಾನಾಗಿಯೇ ಮಾಸುತ್ತದೆ. ಪ್ರತಿಯೊಂದನ್ನೂ ಮೂರು ಸಲ ಮಾಡಿ.

ಇನ್ನು ಮೆಥಿಲೀನ್ ಬ್ಲೂನ ಮೋಸಗಳು. ಆಮ್ಲಜನಕ ಕಡಿಮೆ ಇದ್ದರೆ ಅದು ಒಡೆಯದೆಯೇ ಬಣ್ಣವಿಲ್ಲದ ರೂಪಕ್ಕೆ ಹೋಗುತ್ತದೆ. ತಿಳಿಯಾದ ದ್ರಾವಣವನ್ನು ಅರ್ಧ ತುಂಬಿದ ಸೀಸೆಯಲ್ಲಿ ಜೋರಾಗಿ ಅಲ್ಲಾಡಿಸಿ. ಗಾಳಿ ಸೇರಿ ನೀಲಿ ಮರಳಿ ಬಂದರೆ ಏನೂ ಶುದ್ಧವಾಗಿಲ್ಲ. ಎರಡನೆಯದು, ಬಣ್ಣದ ತುದಿ 664ರಿಂದ ಚಿಕ್ಕ ಅಲೆಯ ಕಡೆ ಜರುಗುತ್ತಿದ್ದರೆ ಅಣುವಿನ ಅಂಚು ಮಾತ್ರ ಕತ್ತರಿಸಿದೆ, ಮೈ ಹಾಗೇ ಇದೆ. ಆದ್ದರಿಂದ ಒಂದೇ ಅಲೆಯಲ್ಲಿ ಅಳೆಯಬೇಡಿ, ಇಡೀ ಸ್ಪೆಕ್ಟ್ರಂ ತೆಗೆಯಿರಿ. ಮೂರನೆಯದು ದೊಡ್ಡದು. ಈ ಬಣ್ಣ ತಾನೇ ಕಾಣುವ ಬೆಳಕನ್ನು ಹೀರಿ ಎಲೆಕ್ಟ್ರಾನನ್ನು ಪುಡಿಗೆ ದಾಟಿಸುತ್ತದೆ. ಆಗ ಏನೂ ಮಾರ್ಪಾಡಿಲ್ಲದ ಪುಡಿ ಕೂಡ ಕಾಣುವ ಬೆಳಕಿನಲ್ಲಿ ಕೆಲಸ ಮಾಡಿದಂತೆ ತೋರುತ್ತದೆ. "ನನ್ನ ಪುಡಿ ಕಾಣುವ ಬೆಳಕಿನಲ್ಲಿ ಕೆಲಸ ಮಾಡುತ್ತದೆ" ಎಂದು ಬಣ್ಣದ ಪರೀಕ್ಷೆಯಿಂದ ಮಾತ್ರ ಹೇಳುವ ಹಾಗಿಲ್ಲ.

ಹಾಗಾದರೆ ಯಾವುದು? ನಾನು ಕೆಫೀನ್ ಎನ್ನುತ್ತೇನೆ. ಬಣ್ಣವಿಲ್ಲದ ವಸ್ತು, ಕಾಣುವ ಬೆಳಕನ್ನು ಹೀರುವುದಿಲ್ಲ, ಸುಲಭಕ್ಕೆ ಒಡೆಯುವುದೂ ಇಲ್ಲ, ನಮ್ಮ ಪಲ್ಪಿಂಗ್ ನೀರಿನಲ್ಲಿ ನಿಜವಾಗಿ ಇರುವಂಥದ್ದು. ಶುದ್ಧ ಕೆಫೀನ್ ರಾಸಾಯನಿಕ ಅಂಗಡಿಯಲ್ಲಿ ಸಿಗುತ್ತದೆ. ಲೀಟರ್‌ಗೆ 10 ಮಿ.ಗ್ರಾಂ ಮಾಡಿ, ಕ್ವಾರ್ಟ್ಸ್ ಕ್ಯುವೆಟ್‌ನಲ್ಲಿ 273 ನ್ಯಾನೋಮೀಟರ್‌ಗೆ ಅಳೆಯಿರಿ. ಒಡೆದ ಚೂರುಗಳೂ ಅದೇ ಜಾಗದಲ್ಲಿ ಸ್ವಲ್ಪ ಹೀರುವುದರಿಂದ ಎಚ್‌ಪಿಎಲ್‌ಸಿ (ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಸಿಕ್ಕರೆ ಇನ್ನೂ ಒಳ್ಳೆಯದು. ಕಾಣುವ ಬೆಳಕಿನ ಮಾತು ಆಡುವುದಾದರೆ ದೀಪದ ಮುಂದೆ 420 ನ್ಯಾನೋಮೀಟರ್‌ಗಿಂತ ಕೆಳಗಿನದನ್ನು ತಡೆಯುವ ಫಿಲ್ಟರ್ ಇರಲಿ.

ಕೊನೆಯಲ್ಲಿ ಸಿಒಡಿ ಅಥವಾ ಒಟ್ಟು ಸಾವಯವ ಇಂಗಾಲ ಅಳೆಸಿ. ಬಣ್ಣ ಶೇ 95 ಹೋಗಿ ಇಂಗಾಲ ಶೇ 40 ಮಾತ್ರ ಹೋಗುವುದು ಈ ಕೆಲಸದಲ್ಲಿ ಅಪರೂಪವಲ್ಲ. ಉಳಿದದ್ದು ಬಣ್ಣವಿಲ್ಲದ ಚೂರುಗಳಾಗಿ ನೀರಿನಲ್ಲೇ ಇರುತ್ತದೆ, ಕೆಲವು ಚೂರು ಮೊದಲಿನ ವಸ್ತುವಿಗಿಂತ ಹೆಚ್ಚು ವಿಷವೂ ಆಗಿರಬಹುದು.

ರೋಗಾಣುಗಳ ಪರೀಕ್ಷೆಯಲ್ಲೂ ಬೆಳಕೊಂದೇ ಇರುವ ಬಾಟಲಿ ಪಕ್ಕದಲ್ಲಿರಬೇಕು. ತಿಳಿ ನೀರನ್ನು ಪೆಟ್ ಬಾಟಲಿಯಲ್ಲಿ ತುಂಬಿ ಆರು ಗಂಟೆ ಒಳ್ಳೆಯ ಬಿಸಿಲಲ್ಲಿ, ಮೋಡ ಇದ್ದರೆ ಎರಡು ದಿನ ಇಡುವ ಸರಳ ವಿಧಾನವೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ನಿಮ್ಮ ಪುಡಿ ಅದಕ್ಕಿಂತ ಬೇಗ ಕೊಲ್ಲುತ್ತದಾ ಎಂಬುದೇ ಪ್ರಶ್ನೆ. ಸಂಸ್ಕರಿಸಿದ ನೀರನ್ನು ಒಂದು ದಿನ ಕತ್ತಲಲ್ಲಿಟ್ಟು ಮತ್ತೆ ಎಣಿಸಿ. ಕ್ಲೋರಿನ್‌ನಂತೆ ನೀರಿನಲ್ಲಿ ಉಳಿದು ಕಾಯುವ ಗುಣ ಇದಕ್ಕಿಲ್ಲ, ಗಾಯಗೊಂಡ ಜೀವಿಗಳು ಚೇತರಿಸಿಕೊಳ್ಳಬಹುದು.

ಹೆಜ್ಜೆ 7: ದೀಪದಿಂದ ಬಿಸಿಲಿಗೆ

ಲ್ಯಾಬ್ ಅಂಕಿ ಸರಿಬಂದ ಮೇಲೆ ನಿಜವಾದ ನೀರು ತನ್ನಿ. ವೇಗ ಇಳಿಯುತ್ತದೆ, ಗಾಬರಿ ಬೇಡ. ಎಲೆ ಕೊಳೆತ ಕಂದು ನೀರು ಬೆಳಕನ್ನೂ ರ‍್ಯಾಡಿಕಲ್‌ಗಳನ್ನೂ ತಿನ್ನುತ್ತದೆ. ಬೋರ್‌ವೆಲ್ ನೀರಿನ ಬೈಕಾರ್ಬನೇಟ್ ಕೂಡ ಹಾಗೇ ಮಾಡುತ್ತದೆ. ಕಬ್ಬಿಣ ಜಾಸ್ತಿ ಇದ್ದರೆ ಪುಡಿಯ ಮೇಲೆ ಕೆಂಪಗೆ ಕೂರುತ್ತದೆ.

ಅಗಲವಾದ ತಟ್ಟೆಯಲ್ಲಿ ನೀರು ಒಂದೆರಡು ಸೆಂಟಿಮೀಟರ್ ಆಳ ಮಾತ್ರ ಇರಲಿ. ಅಕ್ವೇರಿಯಂ ಪಂಪ್‌ನಿಂದ ಗಾಳಿ ಬಿಡಿ, ಆಮ್ಲಜನಕ ಇಲ್ಲದೆ ಎಲೆಕ್ಟ್ರಾನ್‌ಗೆ ಹೋಗಲು ಜಾಗವಿಲ್ಲ. ಮಂಜು ಕರಗುವ ತನಕ ಕಾಯಿರಿ, ಹತ್ತೂವರೆಯಿಂದ ಎರಡೂವರೆವರೆಗಿನ ಬಿಸಿಲು ಸಾಕು. ಕುಶಾಲನಗರದ ಕಡೆ ಸಿಗುವ ಬಿಸಿಲು ಭಾಗಮಂಡಲದಲ್ಲಿ ಸಿಗುವುದಿಲ್ಲ, ಆದ್ದರಿಂದ ಗಂಟೆಯ ಲೆಕ್ಕ ಬರೆಯುವುದಕ್ಕಿಂತ ನೇರಳಾತೀತ ಮೀಟರ್‌ನ ಅಂಕಿ ಬರೆಯಿರಿ. ಮೀಟರ್ ಇಲ್ಲದಿದ್ದರೆ ನಾಲ್ಕೂ ಬೀಕರ್‌ಗಳನ್ನು ಅದೇ ಹೊತ್ತಿಗೆ ಅಕ್ಕಪಕ್ಕ ಇಟ್ಟು ನಡೆಸಿ.

ಒಂದು ಮಾತು ನೆನಪಿಡಿ. ಕಾಫಿ ಒಣಗಿಸುವ ಪಾಲಿಹೌಸ್ ಇದೆ, ಅದರೊಳಗೆ ಇಡೋಣ ಎಂದು ತೋಟದವರಿಗೆ ಅನ್ನಿಸುವುದು ಸಹಜ. ಆ ಶೀಟಿಗೆ ಬಾಳಿಕೆ ಬರಲೆಂದು ನೇರಳಾತೀತ ಕಿರಣ ತಡೆಯುವ ವಸ್ತು ಸೇರಿಸಿರಬಹುದು. ಒಳಗೆ ಬೆಳಕು ಚೆನ್ನಾಗಿ ಕಂಡರೂ ನಮಗೆ ಬೇಕಾದ ಬೆಳಕು ಬರುವುದಿಲ್ಲ. ತಟ್ಟೆ ಹೊರಗೇ ಇರಲಿ. ಕೊಳಗಳನ್ನು ದಾಟಿ ಬಂದ ನೀರನ್ನು ಬಿಸಿಲು ಬರುವ ತನಕ ಹಿಡಿದಿಡುವ ತೊಟ್ಟಿಯನ್ನೂ ಯೋಜನೆಯಲ್ಲಿ ಸೇರಿಸಿ.

ಹೆಜ್ಜೆ 8: ಗಾಜಿನ ಮೇಲೆ ಲೇಪ

ಕದಡಿದ ಪುಡಿಯನ್ನು ಮತ್ತೆ ನೀರಿನಿಂದ ತೆಗೆಯುವುದು ದೊಡ್ಡ ತಲೆನೋವು. ಲೇಪ ಮಾಡಿದರೆ ಆ ತೊಂದರೆ ಇಲ್ಲ. ವೇಗ ಮಾತ್ರ ಕಡಿಮೆಯಾಗುತ್ತದೆ, ನೀರಿಗೆ ತಾಗುವ ಮೈ ಕಡಿಮೆ ಇರುವುದರಿಂದ.

5 ಮಿ.ಲೀ. ಟೈಟಾನಿಯಂ ಐಸೊಪ್ರೊಪಾಕ್ಸೈಡ್‌ಗೆ 50 ಮಿ.ಲೀ. ನೀರಿಲ್ಲದ ಎಥನಾಲ್, 1.7 ಮಿ.ಲೀ. ಅಸಿಟೈಲ್ ಅಸಿಟೋನ್ ಬೆರೆಸಿ. ತಿಳಿ ಹಳದಿಯಾಗುತ್ತದೆ. 0.6 ಮಿ.ಲೀ. ನೀರಿಗೆ ಎರಡು ಹನಿ ನೈಟ್ರಿಕ್ ಆಮ್ಲ ಹಾಕಿ, ಅದನ್ನು ನಿಧಾನವಾಗಿ ಸೇರಿಸಿ. ದ್ರಾವಣ ಮಸುಕಾಗಬಾರದು. ಚೆನ್ನಾಗಿ ತೊಳೆದ ಗಾಜನ್ನು ಅದ್ದಿ, ಒಂದೇ ವೇಗದಲ್ಲಿ ನಿಧಾನವಾಗಿ ಮೇಲೆತ್ತಿ, ಒಣಗಿಸಿ, 450 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ. ಮೂರು ನಾಲ್ಕು ಪದರ ಮಾಡಿ. ಸೆಲ್ಲೋಟೇಪ್ ಅಂಟಿಸಿ ಕಿತ್ತಾಗ ಲೇಪ ಟೇಪಿಗೆ ಬರಬಾರದು.

ಇಲ್ಲಿ ಬಹಳ ಜನರಿಗೆ ಕಾರಣ ಗೊತ್ತಾಗದೆ ಸೋಲುವ ಜಾಗ ಒಂದಿದೆ. ಸಾಧಾರಣ ಗಾಜಿನಲ್ಲಿ ಸೋಡಿಯಂ ಇರುತ್ತದೆ. ಕಾಯಿಸುವಾಗ ಅದು ಲೇಪದೊಳಗೆ ಹತ್ತಿ ಅದರ ಶಕ್ತಿ ಕುಂದಿಸುತ್ತದೆ. ಬೊರೊಸಿಲಿಕೇಟ್ ಗಾಜು ಬಳಸಿ, ಇಲ್ಲವೇ ಮೊದಲು ಒಂದು ತೆಳು ಸಿಲಿಕಾ ಪದರ ಕೊಡಿ.

ಹೆಜ್ಜೆ 9: ಗೋಡೆ, ಹೆಂಚು, ಟೈಲ್ಸ್

ತಾನೇ ತೊಳೆದುಕೊಳ್ಳುವ ಗಾಜು 2001ರಿಂದ ಮಾರುಕಟ್ಟೆಯಲ್ಲಿದೆ. ರೋಮ್‌ನಲ್ಲಿ 2003ರಲ್ಲಿ ಮುಗಿದ ಒಂದು ಚರ್ಚ್‌ನ ಬಿಳಿ ಕಾಂಕ್ರೀಟಿಗೆ ಇದೇ ಆಕ್ಸೈಡ್ ಸೇರಿಸಿದ್ದಾರೆ. ಬೆಳಕು ಬಿದ್ದ ಲೇಪದ ಮೇಲೆ ನೀರು ಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡಿ ಕೊಳೆಯನ್ನು ಕೊಂಡೊಯ್ಯುತ್ತದೆ. ಇದನ್ನು ಕಂಡು "ನಮ್ಮ ಗೋಡೆಯ ಪಾಚಿಗೂ ಆಗುತ್ತದಾ?" ಎಂದು ಇಲ್ಲಿ ಬಹಳ ಜನ ಕೇಳುತ್ತಾರೆ.

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ. ಪಾಚಿ ಬೆಳೆಯುವುದು ಬಿಸಿಲೇ ಇಲ್ಲದ ಜೂನ್‌ನಿಂದ ಸೆಪ್ಟೆಂಬರ್‌ನಲ್ಲಿ, ಮರದ ನೆರಳಿನಲ್ಲಿ, ಬಡಗು ಗೋಡೆಯಲ್ಲಿ. ಪುಡಿಗೆ ಬೆಳಕು ಬೇಕಾದ ಹೊತ್ತಿನಲ್ಲೇ ಅದು ಸಿಗುವುದಿಲ್ಲ. ಅಂಥ ಗೋಡೆಗೆ ದುಡ್ಡು ಹಾಕಬೇಡಿ. ದಪ್ಪಗೆ ಬೆಳೆದ ಪಾಚಿಯನ್ನಂತೂ ಇದು ತೆಗೆಯುವುದೇ ಇಲ್ಲ, ಪಾಚಿಯ ಕೆಳಗೆ ಬೆಳಕು ಇಳಿಯಬೇಕಲ್ಲ. ಮೊದಲು ಉಜ್ಜಿ ತೊಳೆಯಬೇಕು. ತೆಂಕು, ಪಡುವಣ ಮುಖದ ಬಯಲು ಗೋಡೆ, ಕಿಟಕಿ ಗಾಜು ಇವಕ್ಕೆ ಪ್ರಯತ್ನಿಸಬಹುದು.

ಸಾಧಾರಣ ಎಮಲ್ಷನ್ ಬಣ್ಣದ ಮೇಲೆ ನೇರವಾಗಿ ಹಚ್ಚಬೇಡಿ. ಬಣ್ಣದ ಅಂಟು ಕೂಡ ಸಾವಯವ ವಸ್ತುವೇ. ಪುಡಿ ಅದನ್ನೇ ತಿಂದು ಗೋಡೆ ಸುಣ್ಣದ ಹಾಗೆ ಉದುರತೊಡಗುತ್ತದೆ. ಸಿಲಿಕೇಟ್ ಬಣ್ಣ, ಸಿಮೆಂಟ್, ಗಾಜು, ಪಿಂಗಾಣಿ ಟೈಲ್ಸ್ ಸರಿ. ಮನೆಯೊಳಗಿನ ಎಲ್‌ಇಡಿ ಬೆಳಕಿನಲ್ಲಿ ನೇರಳಾತೀತ ಭಾಗ ಇಲ್ಲವೆನ್ನುವಷ್ಟು ಕಡಿಮೆ, ಅಲ್ಲಿ ಕಾಣುವ ಬೆಳಕಿಗೆ ಸ್ಪಂದಿಸುವ ಪುಡಿಯೇ ಬೇಕು. ಅದಿದ್ದರೂ ಸೋಪು ನೀರಿನ ಕೆಲಸ ಬಿಡುವ ಹಾಗಿಲ್ಲ.

ಲೇಪ ಕೆಲಸ ಮಾಡುತ್ತಿದೆಯಾ ಎಂದು ನೋಡಲು ರಿಸಾಜುರಿನ್ ಶಾಯಿ ಸುಲಭ. ಗ್ಲಿಸರಿನ್ ಬೆರೆಸಿದ ಈ ನೀಲಿ ಶಾಯಿ, ಬೆಳಕು ಬಿದ್ದಾಗ ಚುರುಕಾದ ಲೇಪದ ಮೇಲೆ ಕೆಲವೇ ನಿಮಿಷದಲ್ಲಿ ಗುಲಾಬಿಯಾಗುತ್ತದೆ. ಲೇಪ ಇಲ್ಲದ ಟೈಲ್ಸ್ ತುಂಡು ಪಕ್ಕದಲ್ಲಿರಲಿ.

ಹೆಜ್ಜೆ 10: ಬಳಸಿದ ಪುಡಿ

ತೋಡಿಗೆ, ಚರಂಡಿಗೆ ಬಿಡಬೇಡಿ. ನೀರಿನ ಪಿಹೆಚ್ 6ರಿಂದ 6.5ಕ್ಕೆ ತನ್ನಿ. ಆ ಜಾಗದಲ್ಲಿ ಟೈಟಾನಿಯಂ ಡೈಆಕ್ಸೈಡ್ ಕಣಗಳ ಮೇಲಿನ ವಿದ್ಯುತ್ ಅಂಶ ಸೊನ್ನೆಯ ಹತ್ತಿರ ಬರುತ್ತದೆ, ಒಂದನ್ನೊಂದು ದೂಡುವುದು ನಿಂತು ಗುಂಪಾಗಿ ತಳಕ್ಕಿಳಿಯುತ್ತವೆ. ರಾತ್ರಿ ಬಿಟ್ಟರೆ ಬೆಳಿಗ್ಗೆ ಮೇಲಿನ ನೀರು ಬಹಳ ಮಟ್ಟಿಗೆ ತಿಳಿ. ಇನ್ನೂ ಮಸುಕಿದ್ದರೆ ಸ್ವಲ್ಪ ಪಟಿಕ ಹಾಕಿ.

ತಳದ ಪುಡಿಯನ್ನು ತೊಳೆದು, ಶುದ್ಧ ನೀರಿನಲ್ಲಿ ಬಿಸಿಲಿಗಿಟ್ಟರೆ ಅಂಟಿದ ಕೊಳೆ ಹೋಗಿ ಮತ್ತೆ ಬಳಕೆಗೆ ಬರುತ್ತದೆ. ಪ್ರತಿ ಸಲವೂ ವೇಗ ಅಳೆದು ಬರೆದಿಡಿ. ಸಾರಜನಕ ಸೇರಿದ ಪುಡಿಯನ್ನು ಚುರುಕು ಮಾಡಲೆಂದು ಗಾಳಿಯಲ್ಲಿ ಮತ್ತೆ ಮತ್ತೆ ಜೋರಾಗಿ ಕಾಯಿಸಬೇಡಿ, ಸಾರಜನಕವೇ ಹೊರಟುಹೋಗುತ್ತದೆ. ಹಳದಿ ಬಣ್ಣ ಬಿಳಿಯಾಗುತ್ತಾ ಬಂದರೆ ಅದೇ ಸೂಚನೆ.

ಬೆಳ್ಳಿ ಕೂರಿಸಿದಾಗ ಉಳಿದ ತೊಳೆ ನೀರಿಗೆ ಅಡುಗೆ ಉಪ್ಪು ಹಾಕಿ. ಬೆಳ್ಳಿ ಬಿಳಿ ಗಷ್ಟಾಗಿ ಇಳಿಯುತ್ತದೆ. ಸೋಸಿ, ಒಣಗಿಸಿ, ಹೆಸರು ಬರೆದ ಡಬ್ಬಿಯಲ್ಲಿಟ್ಟು ಕಾಲೇಜಿನ ಅಪಾಯಕಾರಿ ತ್ಯಾಜ್ಯದ ಜೊತೆ ಕೊಡಿ.